ಕಲ್ಲಿದ್ದಲು ಮಂತ್ರಿ ಸೂರ್ಯನ ಮಂತ್ರಿಯಾದರೆ ಏನು ಬದಲಾಗುತ್ತದೆ?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ನಮ್ಮ ಸಂಸದ ಪ್ರಲ್ಹಾದ ಜೋಶಿಯವರು ಐದು ವರ್ಷ ಕಲ್ಲಿದ್ದಲು ಮಂತ್ರಿ ಆಗಿದ್ದರು. ಆಮೇಲೆ ಸೋಲಾರ್, ಗಾಳಿ ವಿದ್ಯುತ್ತಿನ ಮಂತ್ರಿಯಾದರು. ಮನುಷ್ಯ ಅವರೇ, ಪಕ್ಷ ಅದೇ, ಪ್ರಧಾನಿಯೂ ಅವರೇ. ತೀರ್ಮಾನ ಪ್ರಧಾನಿ ಕಚೇರಿಯದ್ದು, ಕೆಲಸ ಅಧಿಕಾರಿಗಳದ್ದು. ಹೀಗಿರುವಾಗ ಇಂಧನ, ಪರಿಸರ ಖಾತೆಗಳು ಯಾರಿಗೆ ಸಿಕ್ಕವು ಅನ್ನೋದಕ್ಕೆ ಹವಾಮಾನದ ವಿಷಯದಲ್ಲಿ ಏನಾದರೂ ಬೆಲೆ ಇದೆಯಾ? ಅಥವಾ ಸುಮ್ನೆ ಟಿವಿಯವರ ಗಲಾಟೆಯಾ?

ಉತ್ತರ: ಬೆಲೆ ಇದೆ. ಆದರೆ ಟಿವಿಯವರು ಹುಡುಕುವ ಜಾಗದಲ್ಲಿ ಅದು ಸಿಗೋದಿಲ್ಲ.

ಸಂಪುಟ ರಚನೆಯಾದ ದಿನ ನಮ್ಮಲ್ಲಿ 'ಖಾತೆ ಕ್ಯಾತೆ' ಅನ್ನುವ ತಲೆಬರಹ ತಪ್ಪಿದ್ದಲ್ಲ. ಯಾವ ಜಿಲ್ಲೆಗೆ ಎಷ್ಟು, ಯಾವ ಸಮುದಾಯಕ್ಕೆ ಎಷ್ಟು, ಯಾರಿಗೆ ಮುನಿಸು, ಯಾರು ರೆಸಾರ್ಟಿಗೆ ಹೋದರು. ಇದೆಲ್ಲ ನಾನೂ ಓದುತ್ತೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಅದರ ಜೊತೆಗೆ ಒಂದು ಹಳೇ ನೋಟ್‌ಬುಕ್‌ನಲ್ಲಿ ಬೇರೆ ಪಟ್ಟಿ ಮಾಡಿಕೊಳ್ಳುತ್ತೇನೆ. ಒಂದೇ ಹೆಸರಿನ ಮುಂದೆ ಯಾವ್ಯಾವ ಖಾತೆ ಒಟ್ಟಿಗೆ ಬಂದಿವೆ? ಹೋದ ಸಲ ಒಟ್ಟಿಗಿದ್ದ ಯಾವ ಖಾತೆಗಳು ಈ ಸಲ ಬೇರೆಯಾಗಿವೆ? ಆ ಮಂತ್ರಿ ಸಂಪುಟ ದರ್ಜೆಯವರಾ, ರಾಜ್ಯ ಸಚಿವರಾ? ಮಂತ್ರಿಗೆ ಗಿಡಮರದ ಮೇಲೆ ಪ್ರೀತಿ ಇದೆಯಾ ಅನ್ನೋದಕ್ಕಿಂತ ಈ ಪಟ್ಟಿಯೇ ಜಾಸ್ತಿ ಹೇಳುತ್ತದೆ.

ನಿಮ್ಮ ಪ್ರಶ್ನೆಯಲ್ಲಿ 'ಮನುಷ್ಯ ಅವರೇ' ಅಂದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡೋಣ.

ಜೋಶಿಯವರು 2019ರ ಮೇ ಕೊನೆಗೆ ಕಲ್ಲಿದ್ದಲು ಮತ್ತು ಗಣಿ ಖಾತೆಗೆ ಬಂದರು. 2020ರ ಜೂನ್ 18ರಂದು ವಾಣಿಜ್ಯ ಕಲ್ಲಿದ್ದಲು ಗಣಿಗಳ ಹರಾಜು ಶುರುವಾಯಿತು. ಅಲ್ಲಿಯವರೆಗೆ ಖಾಸಗಿಯವರು ಗಣಿ ಹಿಡಿದರೂ ಹೆಚ್ಚಾಗಿ ತಮ್ಮ ಕಾರ್ಖಾನೆಗೆ ಬೇಕಾದಷ್ಟೇ ತೆಗೆಯಬೇಕಿತ್ತು. ಹರಾಜಿನ ನಂತರ ತೆಗೆದು ಮಾರಬಹುದು ಅಂತಾಯಿತು. 2018-19ರಲ್ಲಿ ದೇಶದ ಕಲ್ಲಿದ್ದಲು ಉತ್ಪಾದನೆ ಸುಮಾರು 73 ಕೋಟಿ ಟನ್. 2023-24ರ ಹೊತ್ತಿಗೆ 100 ಕೋಟಿ ಟನ್ನಿನ ಹತ್ತಿರ. ಕಲ್ಲಿದ್ದಲು ಖಾತೆಯ ಲೆಕ್ಕದಲ್ಲಿ ಇದು ಫಸ್ಟ್ ಕ್ಲಾಸ್ ಮಾರ್ಕು.

2024ರ ಜೂನ್‌ನಲ್ಲಿ ಅವರಿಗೆ ನವ ಮತ್ತು ನವೀಕರಿಸಬಹುದಾದ ಇಂಧನ ಖಾತೆ ಬಂತು. ಜೊತೆಗೆ ಆಹಾರ ಮತ್ತು ಗ್ರಾಹಕ ವ್ಯವಹಾರ. ಅದೇ ಮನುಷ್ಯ ಮನೆ ಮೇಲಿನ ಸೋಲಾರ್ ಬಗ್ಗೆ ಊರೂರಲ್ಲಿ ಮಾತಾಡತೊಡಗಿದರು. ದೇಶದ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಗ್ಯಾಸ್ ಬಿಟ್ಟು ಉಳಿದ ಮೂಲಗಳದ್ದು ಅಂತ 2025ರ ಜುಲೈನಲ್ಲಿ ಅವರೇ ಪ್ರಕಟಿಸಿದರು. ಆ ಗುರಿಗೆ ಇಟ್ಟುಕೊಂಡಿದ್ದ ವರ್ಷ 2030. (ಇಲ್ಲೊಂದು ಮಾತು. ಅದು ಸಾಮರ್ಥ್ಯದ ಲೆಕ್ಕ. ನಿಜವಾಗಿ ತಂತಿಯಲ್ಲಿ ಹರಿದು ಬರುವ ಯೂನಿಟ್ ಎಣಿಸಿದರೆ ಅದೇ ಹೊತ್ತಿಗೂ 100ರಲ್ಲಿ 70ಕ್ಕೂ ಜಾಸ್ತಿ ಕಲ್ಲಿದ್ದಲಿನದ್ದೇ. ಸೋಲಾರ್ ರಾತ್ರಿ ಮಲಗುತ್ತದೆ, ಕಲ್ಲಿದ್ದಲು ಮಲಗೋದಿಲ್ಲ.)

ಇದನ್ನು ಬಣ್ಣ ಬದಲಾಯಿಸುವುದು ಅಂತ ನಾನು ಕರೆಯೋದಿಲ್ಲ. ಮಾತಾಡಿಸುವುದು ಕುರ್ಚಿ. ಕೇಂದ್ರದಲ್ಲಿ ಯಾವ ಇಲಾಖೆಯ ಕೆಲಸ ಏನು ಅಂತ ಬರೆದಿಟ್ಟಿರುವ 1961ರ ನಿಯಮಗಳಿವೆ. ಕಲ್ಲಿದ್ದಲು ಮಂತ್ರಿಯ ಕೆಲಸ ಕಲ್ಲಿದ್ದಲು ತೆಗೆಸುವುದು. ಲೋಕಸಭೆಯ ಪ್ರಶ್ನೋತ್ತರ ವೇಳೆಯಲ್ಲಿ ಅವರನ್ನು ಕೇಳುವುದು 'ಸ್ಥಾವರಗಳಲ್ಲಿ ದಾಸ್ತಾನು ಯಾಕೆ ಕಡಿಮೆ' ಅಂತ. 'ಹವೆ ಯಾಕೆ ಬಿಸಿಯಾಯಿತು' ಅಂತ ಅಲ್ಲ. ಸೋಲಾರ್ ಮಂತ್ರಿಯನ್ನು ಕೇಳುವುದು 'ನಮ್ಮ ಜಿಲ್ಲೆಯ ಚಾವಣಿ ಮೇಲೆ ಪ್ಯಾನಲ್ ಯಾಕೆ ಬಂದಿಲ್ಲ' ಅಂತ. ಐದು ವರ್ಷ ದಿನಾ ಬೆಳಗ್ಗೆ ಒಂದೇ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಆ ಉತ್ತರವೇ ಆಗಿಬಿಡುತ್ತಾರೆ.

ಹಾಗಾದರೆ ಹವಾಮಾನದ ಒಟ್ಟು ಲೆಕ್ಕ ಯಾರ ಕೈಯಲ್ಲಿದೆ? ದಿಲ್ಲಿಯಲ್ಲಿ ಅದು ಒಬ್ಬರ ಕೈಯಲ್ಲಿಲ್ಲ. ಇಂಧನ ಅನ್ನೋದು ಅಲ್ಲಿ ಪಾಲಾದ ಅವಿಭಕ್ತ ಕುಟುಂಬದ ಮನೆ. ಕಲ್ಲಿದ್ದಲು ಒಬ್ಬ ಅಣ್ಣನಿಗೆ. ಪೆಟ್ರೋಲು, ಗ್ಯಾಸು ಇನ್ನೊಬ್ಬನಿಗೆ. ತಂತಿ, ದೊಡ್ಡ ಸ್ಥಾವರ, ದೊಡ್ಡ ಅಣೆಕಟ್ಟು ವಿದ್ಯುತ್ ಇಲಾಖೆಗೆ. ಸೂರ್ಯ, ಗಾಳಿ ಬೇರೆ ಇಲಾಖೆಗೆ. ಅಣು ವಿದ್ಯುತ್ತು ಪ್ರಧಾನಿಯ ಕೈಕೆಳಗೆ. ಕಾಡು, ಹವಾಮಾನ ಒಪ್ಪಂದ ಪರಿಸರ ಇಲಾಖೆಗೆ. 2019ರ ಮಾರ್ಚಿನಲ್ಲಿ ದೊಡ್ಡ ಜಲವಿದ್ಯುತ್ತನ್ನೂ ನವೀಕರಿಸಬಹುದಾದ ಇಂಧನ ಅಂತ ಸಂಪುಟ ಒಪ್ಪಿತು. ಹೆಸರು ಬದಲಾಯಿತು, ಆದರೆ 25 ಮೆಗಾವ್ಯಾಟ್ ಮೇಲಿನ ಅಣೆಕಟ್ಟು ವಿದ್ಯುತ್ ಇಲಾಖೆಯಲ್ಲೇ ಉಳಿಯಿತು. ಪಹಣಿಯಲ್ಲಿ ಹೆಸರು ಒಬ್ಬರದ್ದು, ಉಳುವವರು ಇನ್ನೊಬ್ಬರು ಅಂತಾರಲ್ಲ, ಹಾಗೆ.

ಇಂಥ ಮನೆಯಲ್ಲಿ ಪಾಲು ಒಟ್ಟುಗೂಡಿಸಿದರೆ ಏನಾಗುತ್ತದೆ ಅನ್ನೋದಕ್ಕೆ 2014 ಒಳ್ಳೆ ಉದಾಹರಣೆ. ಆ ವರ್ಷದ ಮೇನಲ್ಲಿ ಪೀಯೂಷ್ ಗೋಯಲ್ ಅವರಿಗೆ ವಿದ್ಯುತ್, ಕಲ್ಲಿದ್ದಲು, ನವೀಕರಿಸಬಹುದಾದ ಇಂಧನ ಮೂರನ್ನೂ ಸೇರಿಸಿ ಕೊಟ್ಟರು. ಆಗ ದೇಶದ ಎಷ್ಟೋ ಸ್ಥಾವರಗಳಲ್ಲಿ ಒಂದು ವಾರದ ಕಲ್ಲಿದ್ದಲೂ ಇರಲಿಲ್ಲ. ಅದಕ್ಕೂ ಮುಂಚೆ ಏನಾಗುತ್ತಿತ್ತು? ವಿದ್ಯುತ್ ಮಂತ್ರಿ 'ಕಲ್ಲಿದ್ದಲು ಬರ್ತಿಲ್ಲ' ಅನ್ನೋರು. ಕಲ್ಲಿದ್ದಲು ಮಂತ್ರಿ 'ತಗೊಂಡ ಮಾಲಿಗೆ ದುಡ್ಡು ಬರ್ತಿಲ್ಲ' ಅನ್ನೋರು. ಇಬ್ಬರೂ ಸೇರಿ ರೈಲ್ವೆ ಕಡೆ ಬೆರಳು ತೋರಿಸೋರು. ಮೂರೂ ಖಾತೆ ಒಬ್ಬರ ಮಡಿಲಿಗೆ ಬಿದ್ದ ಮೇಲೆ ಬೆರಳು ತೋರಿಸೋದಕ್ಕೆ ಕನ್ನಡಿ ಬಿಟ್ಟರೆ ಇನ್ಯಾರೂ ಉಳಿಯಲಿಲ್ಲ. ಎರಡು ವರ್ಷದೊಳಗೆ ಗಣಿ ಬಾಯಲ್ಲಿ ಕಲ್ಲಿದ್ದಲು ರಾಶಿ ಬಿದ್ದಿತು. ಅದೇ ಹೊತ್ತಿಗೆ ಸೋಲಾರ್ ಗುರಿಯನ್ನು 20 ಗಿಗಾವ್ಯಾಟ್‌ನಿಂದ (ಒಂದು ಗಿಗಾವ್ಯಾಟ್ ಅಂದರೆ 1000 ಮೆಗಾವ್ಯಾಟ್) 100ಕ್ಕೆ ಏರಿಸಲು ಸಂಪುಟ 2015ರ ಜೂನ್‌ನಲ್ಲಿ ಒಪ್ಪಿತು. ಎಸ್ಕಾಂಗಳ (ರಾಜ್ಯಗಳ ವಿದ್ಯುತ್ ಸರಬರಾಜು ಕಂಪನಿಗಳ) ಸಾಲ ತೀರಿಸುವ ಉದಯ್ ಯೋಜನೆ ಅದೇ ನವೆಂಬರಿನಲ್ಲಿ ಬಂತು. ಕಲ್ಲಿದ್ದಲೂ ಬೆಳೆಯಿತು, ಸೂರ್ಯನೂ ಬೆಳೆದ. ಖಾತೆ ಒಟ್ಟುಗೂಡಿದ ತಕ್ಷಣ ಹೊಗೆ ಕಡಿಮೆಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೆಲಸ ಬೇಗ ಆಗುತ್ತದೆ, ಅಷ್ಟೇ. ಯಾವ ಕೆಲಸ ಅನ್ನೋದು ಬೇರೆ ಪ್ರಶ್ನೆ.

2017ರಲ್ಲಿ ಕಲ್ಲಿದ್ದಲು ಬೇರೆಯಾಯಿತು. ವಿದ್ಯುತ್ತು ಮತ್ತು ಸೋಲಾರ್ ಮಾತ್ರ ಆರ್.ಕೆ. ಸಿಂಗ್ ಅವರ ಬಳಿ 2024ರವರೆಗೂ ಒಟ್ಟಿಗಿದ್ದವು. 2024ರ ಚುನಾವಣೆಯಲ್ಲಿ ಅವರು ಸೋತರು. ಆಗ ವಿದ್ಯುತ್ತು ಮನೋಹರ್ ಲಾಲ್ ಅವರಿಗೆ, ಸೋಲಾರ್ ಜೋಶಿಯವರಿಗೆ, ಕಲ್ಲಿದ್ದಲು ಕಿಶನ್ ರೆಡ್ಡಿಯವರಿಗೆ ಹೋಯಿತು. ಹತ್ತು ವರ್ಷದ ನಂತರ ಮೂರು ಒಲೆ. ಇದನ್ನು ಆ ದಿನ ಯಾವ ಚಾನೆಲ್ಲೂ ಚರ್ಚೆ ಮಾಡಿದ್ದು ನಾನು ನೋಡಲಿಲ್ಲ. ನನ್ನ ನೋಟ್‌ಬುಕ್‌ನಲ್ಲಿ ಮಾತ್ರ ಅದಕ್ಕೆ ಎರಡು ಗೆರೆ ಎಳೆದಿದ್ದೇನೆ.

ಯಾಕೆ ಅಂದರೆ, ಸೋಲಾರ್ ಸ್ಥಾವರಕ್ಕೆ ಟೆಂಡರ್ ಕರೆಯುವ ಮುಖ್ಯ ಸಂಸ್ಥೆ ಒಂದು ಇಲಾಖೆಯದ್ದು. ಆ ವಿದ್ಯುತ್ತನ್ನು ಹೊತ್ತೊಯ್ಯುವ ದೊಡ್ಡ ತಂತಿ ಇನ್ನೊಂದು ಇಲಾಖೆಯದ್ದು. ಕೊಂಡುಕೊಳ್ಳಬೇಕಾದ ಎಸ್ಕಾಂಗಳು ರಾಜ್ಯಗಳವು. 2025ರಲ್ಲಿ 40 ಗಿಗಾವ್ಯಾಟ್‌ಗೂ ಹೆಚ್ಚಿನ ಯೋಜನೆಗಳು ಟೆಂಡರ್ ಗೆದ್ದೂ ಕೊಳ್ಳುವವರಿಲ್ಲದೆ ಕೂತಿದ್ದವು. ರಾಜಸ್ಥಾನದಲ್ಲಿ ತಯಾರಾದ ಸೋಲಾರ್ ವಿದ್ಯುತ್ತು ಸಾಗಿಸಲು ತಂತಿ ಸಾಲದೆ ಪ್ಯಾನಲ್‌ಗಳನ್ನು ಹಗಲಲ್ಲೇ ತಡೆಹಿಡಿಯಬೇಕಾಯಿತು. ಖಾತೆ ಬೇರೆಯಾಗಿದ್ದೇ ಇದಕ್ಕೆ ಕಾರಣ ಅಂತ ನಾನು ಹೇಳಲಾರೆ. ಎಸ್ಕಾಂಗಳಿಗೆ ಬೆಲೆಯ ಲೆಕ್ಕ ಇರುತ್ತದೆ, ತಂತಿ ಎಳೆಯೋಕೆ ವರ್ಷಗಳು ಬೇಕು. ಆದರೆ ಮೂರು ಬಾಗಿಲು ತಟ್ಟಬೇಕಾದ ಕಡೆ ಒಂದು ಬಾಗಿಲಿದ್ದರೆ ತಟ್ಟುವವರಿಗೆ ಸಲೀಸು ಅಲ್ವಾ?

ಈಗ ನಿಮ್ಮ ಎರಡನೇ ಮಾತು. ಕೆಲಸ ಎಲ್ಲ ಅಧಿಕಾರಿಗಳದ್ದು ಅಂದಿರಿ. ಬರೆಯುವುದು ಅಧಿಕಾರಿಗಳು, ಒಪ್ಪಿದೆ. ಆದರೆ ಕಡತ ಎಲ್ಲಿ ಮಲಗಬೇಕು, ಯಾವಾಗ ಏಳಬೇಕು ಅನ್ನೋದು ಬೇರೆಯವರ ಕೈಯಲ್ಲಿದೆ. ನನ್ನ ಕಣ್ಣೆದುರು ನಡೆದದ್ದೊಂದು ಹೇಳುತ್ತೇನೆ. ರಾಜ್ಯ, ಇಲಾಖೆ, ಹೆಸರು ಬೇಡ. ಗಾಳಿಯಂತ್ರಗಳ ವಿದ್ಯುತ್ತು ತರುವ ಒಂದು ಸಬ್‌ಸ್ಟೇಷನ್‌ಗೆ ಜಾಗ ಕೊಡುವ ಕಡತ. ವಿಷಯ ನಿರ್ವಾಹಕರಿಂದ ಕಾರ್ಯದರ್ಶಿಯವರೆಗೆ ಆರು ಜನ 'ಒಪ್ಪಬಹುದು' ಅಂತ ಬರೆದಿದ್ದರು. ನಾನು ಸಲಹೆಗಾರ, ನನ್ನ ಎರಡು ಪುಟದ ಟಿಪ್ಪಣಿಯೂ ಅದರೊಳಗಿತ್ತು. ಕಡತ ಮಂತ್ರಿಯವರ ಮೇಜಿಗೆ ಹೋಯಿತು. ವಾಪಸ್ ಬಂದಾಗ ಹಾಳೆಯ ಅಂಚಿನಲ್ಲಿ ಒಂದೇ ಪದದ ಷರಾ ಇತ್ತು: 'ಚರ್ಚಿಸಿ'. ಕೆಳಗೆ ಪುಟ್ಟ ಸಹಿ. ಯಾರು, ಯಾರ ಜೊತೆ, ಯಾವಾಗ ಚರ್ಚಿಸಬೇಕು? ಅದು ಬರೆದಿರಲಿಲ್ಲ. ಬೇಡ ಅಂದಿದ್ದರೆ ಕಾರಣ ಬರೆಯಬೇಕಿತ್ತು, ಕೋರ್ಟಿಗೆ ಹೋಗಬಹುದಿತ್ತು. 'ಚರ್ಚಿಸಿ' ಅನ್ನೋದಕ್ಕೆ ಮೇಲ್ಮನವಿಯೇ ಇಲ್ಲ. ಏಳು ತಿಂಗಳು ಆ ಕಡತ ಆಪ್ತ ಕಾರ್ಯದರ್ಶಿಯ ಕಪಾಟಿನಲ್ಲಿತ್ತು. ಮೇಲೆ ಕಾಫಿ ಲೋಟದ ದುಂಡನೆ ಕಲೆ ಬಿದ್ದಿತ್ತು. ಮಂತ್ರಿ ಬದಲಾದರು. ಹೊಸಬರು ಎರಡನೇ ವಾರದಲ್ಲೇ 'ಒಪ್ಪಿದೆ' ಅಂತ ಬರೆದರು. ಆರೂ ಅಧಿಕಾರಿಗಳು ಅವರೇ, ಟಿಪ್ಪಣಿ ಅದೇ, ಕಾಫಿ ಕಲೆಯೂ ಅದೇ.

ಪರಿಸರ ಖಾತೆಯ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನಮ್ಮ ಕಡೆಯ ಇಬ್ಬರ ಕಥೆ ಇದೆ.

ಮೊದಲನೆಯವರು ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಮ್ ರಮೇಶ್. 2009ರ ಮೇನಲ್ಲಿ ಪರಿಸರ ಮತ್ತು ಅರಣ್ಯ ಖಾತೆಗೆ ಬಂದರು. ಅಲ್ಲಿಯವರೆಗೆ ಆ ಖಾತೆ ಅಂದರೆ ಸೀಲು ಹೊಡೆಯುವ ಕಿಟಕಿ ಅಂತಲೇ ಉದ್ಯಮದವರು ತಿಳಿದಿದ್ದರು. ಇವರು ಬಿ.ಟಿ. ಬದನೆಯ (ಕುಲಾಂತರಿ ತಳಿಯ ಬದನೆ) ಬಗ್ಗೆ ಏಳು ಊರುಗಳಲ್ಲಿ ಜನರ ಸಭೆ ಮಾಡಿ, 2010ರ ಫೆಬ್ರುವರಿಯಲ್ಲಿ ಅದನ್ನು ತಡೆದರು. ಬೆಂಗಳೂರಿನ ಸಭೆಯೂ ಅದರಲ್ಲಿತ್ತು. ಅದೇ ಆಗಸ್ಟಿನಲ್ಲಿ ಒಡಿಶಾದ ನಿಯಮಗಿರಿಯ ಬಾಕ್ಸೈಟ್ ಗಣಿಗೆ ಅರಣ್ಯ ಅನುಮತಿ ಇಲ್ಲ ಅಂದರು. ಮಾಧವ ಗಾಡ್ಗೀಳರ ಪಶ್ಚಿಮಘಟ್ಟ ಸಮಿತಿ ರಚನೆಯಾಗಿದ್ದೂ ಇವರ ಕಾಲದಲ್ಲೇ. ಎಲ್ಲಕ್ಕಿಂತ ದೊಡ್ಡದು, ಒಂಬತ್ತು ಕಲ್ಲಿದ್ದಲು ಸೀಮೆಗಳ ನಕ್ಷೆ ಹರಡಿಕೊಂಡು, ದಟ್ಟ ಕಾಡಿರುವ ಕಡೆ ಗಣಿ ಬೇಡವೇ ಬೇಡ ಅಂತ ಗೆರೆ ಎಳೆಯಲು ಹೊರಟಿದ್ದು.

ಇಲ್ಲಿ ದರ್ಜೆಯ ಆಟ ನೋಡಿ. ಜೈರಾಮ್ ಸ್ವತಂತ್ರ ಹೊಣೆಯ ರಾಜ್ಯ ಸಚಿವರು. ಆ ದರ್ಜೆಯವರು ಕರೆದಾಗ ಮಾತ್ರ ಸಂಪುಟ ಸಭೆಗೆ ಹೋಗಬಹುದು. ಕಲ್ಲಿದ್ದಲು ಮಂತ್ರಿ ಶ್ರೀಪ್ರಕಾಶ್ ಜೈಸ್ವಾಲ್ ಕೂಡ ಅದೇ ದರ್ಜೆಯವರಾಗಿದ್ದರು. 2011ರ ಜನವರಿಯಲ್ಲಿ ಜೈಸ್ವಾಲ್ ಅವರಿಗೆ ಸಂಪುಟ ದರ್ಜೆ ಸಿಕ್ಕಿತು. ಜೈರಾಮ್ ಅಲ್ಲೇ ಉಳಿದರು. ಫೆಬ್ರುವರಿಯಲ್ಲಿ ಈ ಗೆರೆಯ ಜಗಳ ಬಿಡಿಸಲು ಪ್ರಣಬ್ ಮುಖರ್ಜಿಯವರ ನೇತೃತ್ವದಲ್ಲಿ ಮಂತ್ರಿಗಳ ಗುಂಪು ಆಯಿತು. ಜೂನ್‌ನಲ್ಲಿ ಛತ್ತೀಸ್‌ಗಢದ ಹಸ್ದೇವ್ ಕಾಡಿನಲ್ಲಿ ಕಲ್ಲಿದ್ದಲು ಗಣಿಗೆ ಸ್ವತಃ ಜೈರಾಮ್ ಅವರೇ ಒಪ್ಪಿಗೆ ಕೊಟ್ಟರು. ಅವರದ್ದೇ ಇಲಾಖೆಯ ಅರಣ್ಯ ಸಲಹಾ ಸಮಿತಿ ಬೇಡ ಅಂದಿದ್ದ ಜಾಗ ಅದು. ಜುಲೈನಲ್ಲಿ ಅವರಿಗೂ ಸಂಪುಟ ದರ್ಜೆ ಬಂತು. ಆದರೆ ಗ್ರಾಮೀಣಾಭಿವೃದ್ಧಿ ಖಾತೆಯಲ್ಲಿ. ಬಡ್ತಿ ಕೊಟ್ಟು ಎತ್ತಂಗಡಿ ಅಂತ ನಮ್ಮ ಸರ್ಕಾರಿ ನೌಕರರು ಹೇಳುವುದು ಇದಕ್ಕೇ. ಹಸ್ದೇವ್ ಕಾಡಿನ ಜಗಳ ಆಮೇಲೂ ವರ್ಷಗಟ್ಟಲೆ ನಡೆಯಿತು. ನಿಮ್ಮ ಅನುಮಾನಕ್ಕೆ ಇಲ್ಲೊಂದು ಬೆಂಬಲ ಇದೆ, ಮುಚ್ಚಿಡೋದಿಲ್ಲ: ಗಟ್ಟಿ ಮಂತ್ರಿಯೂ ಒಂದು ಹಂತದವರೆಗೇ ತಡೆಯಬಲ್ಲರು. ಆದರೆ ಆ ಎರಡು ವರ್ಷ ಆ ಕುರ್ಚಿಯಲ್ಲಿ ಬೇರೆಯವರಿದ್ದಿದ್ದರೆ ಪಶ್ಚಿಮಘಟ್ಟದ ಬಗ್ಗೆ ನಾವು ಇವತ್ತು ಜಗಳ ಆಡೋಕೆ ಒಂದು ವರದಿಯೂ ಇರುತ್ತಿತ್ತೋ ಇಲ್ಲವೋ.

ಎರಡನೆಯವರು ವೀರಪ್ಪ ಮೊಯ್ಲಿ. ಇವರದ್ದು ಇನ್ನೂ ವಿಚಿತ್ರ. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತದ ವಿದ್ಯುತ್ ಜಾಲ ಕುಸಿಯಿತು. 60 ಕೋಟಿಗೂ ಹೆಚ್ಚು ಜನ ಕತ್ತಲಲ್ಲಿ. ವಿದ್ಯುತ್ ಮಂತ್ರಿ ಸುಶೀಲ್ ಕುಮಾರ್ ಶಿಂದೆಯವರಿಗೆ ಅದೇ ದಿನ ಗೃಹ ಖಾತೆಗೆ ಬಡ್ತಿ ಸಿಕ್ಕಿತು! ವಿದ್ಯುತ್ತು ಮೊಯ್ಲಿಯವರಿಗೆ ಹೆಚ್ಚುವರಿ ಹೊಣೆಯಾಗಿ ಬಂತು. (ನಮ್ಮಲ್ಲಿ ಆ ದಿನ ಲೈಟು ಹೋಗಲಿಲ್ಲ. ದಕ್ಷಿಣದ ಜಾಲ ಆಗಿನ್ನೂ ಉತ್ತರಕ್ಕೆ ಪೂರ್ತಿ ಬೆಸೆದಿರಲಿಲ್ಲ. ಅದು ಆಗಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು-ಸೊಲ್ಲಾಪುರ ತಂತಿಯಿಂದ.) ಮೂರು ತಿಂಗಳಿಗೆ ವಿದ್ಯುತ್ ಖಾತೆ ಬೇರೆಯವರಿಗೆ ಹೋಯಿತು, ಮೊಯ್ಲಿ ಪೆಟ್ರೋಲಿಯಂ ಮಂತ್ರಿಯಾದರು. ಮೂರು ತಿಂಗಳಲ್ಲಿ ಗ್ರಿಡ್ ಬಗ್ಗೆ ಏನು ಕಲಿಯಬಹುದು ಹೇಳಿ. ಒಬ್ಬ ಜೂನಿಯರ್ ಎಂಜಿನಿಯರ್‌ಗೆ ಸಬ್‌ಸ್ಟೇಷನ್ ಅರ್ಥವಾಗೋಕೇ ಆರು ತಿಂಗಳು ಬೇಕು.

ಪೆಟ್ರೋಲಿಯಂ ಮಂತ್ರಿಯಾಗಿ ಇಂಧನ ಉಳಿತಾಯ ಅಂತ ಬುಧವಾರ ಮೆಟ್ರೋದಲ್ಲಿ ಕಚೇರಿಗೆ ಹೋಗುವುದನ್ನು ಶುರು ಮಾಡಿದರು. ಒಳ್ಳೆಯದೇ. 2013ರ ಡಿಸೆಂಬರಿನಲ್ಲಿ ಜಯಂತಿ ನಟರಾಜನ್ ರಾಜೀನಾಮೆ ಕೊಟ್ಟ ಮೇಲೆ ಪರಿಸರ ಖಾತೆಯೂ ಇವರ ಬಳಿ ಬಂತು. ಅಂದರೆ ತೈಲ ಬಾವಿ ಕೊರೆಸುವ ಮಂತ್ರಿಯೂ ಇವರೇ, ಕೊರೆಯಬಹುದಾ ಅಂತ ಪರೀಕ್ಷೆ ಮಾಡುವ ಮಂತ್ರಿಯೂ ಇವರೇ. 2014ರ ಜನವರಿಯಲ್ಲಿ ಒಡಿಶಾದ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಪರಿಸರ ಒಪ್ಪಿಗೆ ಸಿಕ್ಕಿತು. ದಕ್ಷಿಣ ಕೊರಿಯಾದ ಅಧ್ಯಕ್ಷರು ದಿಲ್ಲಿಗೆ ಬರುವ ಸ್ವಲ್ಪ ದಿನ ಮೊದಲು. ಮೊಯ್ಲಿಯವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಪರೀಕ್ಷೆ ಬರೆಯುವವನಿಗೇ ಪೇಪರ್ ತಿದ್ದೋಕೆ ಕೊಟ್ಟರೆ ಎಂಥ ಸಾಧುವಾದರೂ ಕಷ್ಟ. ಮೇ ಹೊತ್ತಿಗೆ ಸರ್ಕಾರವೇ ಬದಲಾಯಿತು.

ಹೊರದೇಶದ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಬ್ರಿಟನ್ 2008ರಲ್ಲಿ ಇಂಧನ ಮತ್ತು ಹವಾಮಾನ ಎರಡಕ್ಕೂ ಸೇರಿ ಒಂದೇ ಇಲಾಖೆ ಮಾಡಿತು. ಮೊದಲ ಮಂತ್ರಿ ಎಡ್ ಮಿಲಿಬ್ಯಾಂಡ್. 2016ರಲ್ಲಿ ಆ ಇಲಾಖೆಯನ್ನೇ ಮುಚ್ಚಿದರು. 2023ರಲ್ಲಿ ಬೇರೆ ಹೆಸರಲ್ಲಿ ಮತ್ತೆ ತೆರೆದರು. 2024ರ ಜುಲೈನಲ್ಲಿ ಅದೇ ಮಿಲಿಬ್ಯಾಂಡ್ ವಾಪಸ್ ಬಂದರು. ಇಂಗ್ಲೆಂಡಿನಲ್ಲಿ ನೆಲದ ಮೇಲಿನ ಗಾಳಿಯಂತ್ರಗಳಿಗೆ 2015ರಿಂದ ಇದ್ದ ಅಡ್ಡಿಯನ್ನು ಹೊಸ ಸರ್ಕಾರ ಮೊದಲ ವಾರದಲ್ಲೇ ತೆಗೆದುಹಾಕಿತು. ಅಮೆರಿಕದಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ ಸ್ಟೀವನ್ ಚು ಇಂಧನ ಮಂತ್ರಿಯಾಗಿದ್ದರು. ಅದೇ ಕುರ್ಚಿಗೆ 2017ರಲ್ಲಿ ರಿಕ್ ಪೆರಿ ಬಂದರು. ಇವರು 2011ರ ಟಿವಿ ಚರ್ಚೆಯಲ್ಲಿ ಮೂರು ಇಲಾಖೆ ಮುಚ್ಚುತ್ತೇನೆ ಅಂದು, ಮೂರನೆಯದರ ಹೆಸರು ಮರೆತು ನಿಂತವರು. ಮರೆತದ್ದು ಇಂಧನ ಇಲಾಖೆ. ಇದನ್ನು ಹೇಳಿ ನಗುವವರೇ ಜಾಸ್ತಿ. ನಿಜವಾದ ವಿಷಯ ಏನೆಂದರೆ ಆ ಇಲಾಖೆಯ ದುಡ್ಡಿನ ದೊಡ್ಡ ಪಾಲು ಹೋಗುವುದು ಅಣ್ವಸ್ತ್ರಗಳಿಗೆ. ಅಲ್ಲಿ ಹವಾಮಾನದ ಕೀಲಿಕೈ ಇರುವುದು ಪರಿಸರ ರಕ್ಷಣಾ ಸಂಸ್ಥೆಯ ಮುಖ್ಯಸ್ಥರ ಬಳಿ. ಇಂಗಾಲದ ಹೊಗೆಯಿಂದ ಜನರಿಗೆ ಅಪಾಯ ಇದೆ ಅನ್ನುವ 2009ರ ತೀರ್ಮಾನವನ್ನೇ ಕಿತ್ತುಹಾಕುವ ಪ್ರಸ್ತಾವವನ್ನು 2025ರ ಜುಲೈನಲ್ಲಿ ಮುಂದಿಟ್ಟವರು ಆ ಮುಖ್ಯಸ್ಥರಾದ ಲೀ ಜೆಲ್ಡಿನ್. ಬೋರ್ಡ್ ನೋಡಿ ಮೋಸ ಹೋಗಬಾರದು ಅನ್ನೋದಕ್ಕೆ ಈ ಮಾತು.

ಇನ್ನು ನಿಮ್ಮ ಮೂರನೇ ಮಾತು, ಎಲ್ಲ ಪ್ರಧಾನಿ ಕಚೇರಿಯದ್ದು ಅನ್ನೋದು. ದೊಡ್ಡ ಗುರಿಗಳ ಮಟ್ಟಿಗೆ ಅದು ನಿಜ. 2070ರ ಹೊತ್ತಿಗೆ ನಿವ್ವಳ ಶೂನ್ಯ ಹೊರಸೂಸುವಿಕೆ (ಬಿಟ್ಟಷ್ಟೇ ಇಂಗಾಲವನ್ನು ಹೀರಿಸಿ ಲೆಕ್ಕ ಸೊನ್ನೆ ಮಾಡುವುದು) ಅಂತ 2021ರ ನವೆಂಬರಿನಲ್ಲಿ ಗ್ಲಾಸ್ಗೋದ ವಿಶ್ವಸಂಸ್ಥೆ ಹವಾಮಾನ ಸಭೆಯಲ್ಲಿ ಹೇಳಿದ್ದು ಪ್ರಧಾನಿಯೇ. ಆದರೆ ಅದೇ ಸಭೆಯ ಕೊನೆಯ ದಿನ, ಕಲ್ಲಿದ್ದಲನ್ನು 'ಪೂರ್ತಿ ನಿಲ್ಲಿಸುವುದು' ಅಂತ ಇದ್ದ ಒಪ್ಪಂದದ ಸಾಲನ್ನು 'ಹಂತಹಂತವಾಗಿ ಇಳಿಸುವುದು' ಅಂತ ಬದಲಾಯಿಸಿ ಓದಿದವರು ಪರಿಸರ ಮಂತ್ರಿ ಭೂಪೇಂದರ್ ಯಾದವ್. ಖಾತೆಗೆ ಬಂದು ಆಗಿನ್ನೂ ನಾಲ್ಕು ತಿಂಗಳು. ಅದು ಅವರೊಬ್ಬರ ತೀರ್ಮಾನ ಅಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಆದರೂ ಸುಮಾರು 200 ದೇಶಗಳ ಮುಂದೆ ಮೈಕ್ ಹಿಡಿದು, ಸಭೆಯ ಅಧ್ಯಕ್ಷರು ಕಣ್ಣೀರು ಹಾಕುವಂತಾದರೂ ಹಿಂದೆ ಸರಿಯದೆ ಓದಬೇಕಾದ್ದು ಆ ಕುರ್ಚಿ. ಆ ವರ್ಷ ನಮ್ಮ ದೇಶದ ಸ್ಥಾವರಗಳಲ್ಲಿ ಕಲ್ಲಿದ್ದಲಿನ ಅಭಾವ ಬಂದು ಒಂದು ತಿಂಗಳಾಗಿತ್ತಷ್ಟೇ, ಅದನ್ನೂ ನೆನಪಿಡಿ.

ದಿಲ್ಲಿ ಸಾಕು, ಬೆಂಗಳೂರಿಗೆ ಬರೋಣ. ವಿದ್ಯುತ್ತು, ಕಾಡು ಎರಡೂ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ಹಾಗಾಗಿ ನಮ್ಮಲ್ಲಿ ಎರಡು ಸಂಪುಟ ಒಂದೇ ಗುಡ್ಡದ ಮೇಲೆ ಎದುರುಬದುರು ನಿಲ್ಲುತ್ತವೆ. 2024ರ ಜೂನ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ಕೇಂದ್ರದ ಉಕ್ಕು ಮತ್ತು ಬೃಹತ್ ಕೈಗಾರಿಕೆ ಮಂತ್ರಿಯಾದರು. ಬಂದ ಹೊಸದರಲ್ಲೇ ಸಂಡೂರಿನ ದೇವದಾರಿಯಲ್ಲಿ, ತಮ್ಮ ಉಕ್ಕು ಇಲಾಖೆಯ ಕೈಕೆಳಗಿನ ಕುದುರೆಮುಖ ಕಂಪನಿಯ ಅದಿರು ಗಣಿಗೆ ಸಂಬಂಧಿಸಿದ ಕಡತಕ್ಕೆ ಸಹಿ ಹಾಕಿದರು. ಸುಮಾರು 400 ಹೆಕ್ಟೇರ್ ಕಾಡಿನ ಜಾಗ. ಕೂಡಲೇ ರಾಜ್ಯದ ಅರಣ್ಯ ಮಂತ್ರಿ ಈಶ್ವರ ಖಂಡ್ರೆಯವರು ಆ ಕಾಡನ್ನು ಹಸ್ತಾಂತರ ಮಾಡಬೇಡಿ ಅಂತ ಅಧಿಕಾರಿಗಳಿಗೆ ಸೂಚಿಸಿದರು. ಇದರಲ್ಲಿ ಪಕ್ಷದ ರಾಜಕೀಯ ಇರಲಿಲ್ಲವೇ? ಇತ್ತು. ಆದರೆ ಖಾತೆಗಳನ್ನು ಅದಲುಬದಲು ಮಾಡಿ ಕೂರಿಸಿದ್ದರೂ ಇಬ್ಬರೂ ಆಯಾ ಕುರ್ಚಿಯ ಮಾತನ್ನೇ ಆಡುತ್ತಿದ್ದರು ಅಂತ ನನಗೆ ಬಲವಾದ ಗುಮಾನಿ. ಕುಮಾರಸ್ವಾಮಿಯವರದ್ದೇ ಬೃಹತ್ ಕೈಗಾರಿಕೆ ಖಾತೆಯಿಂದ ಎಲೆಕ್ಟ್ರಿಕ್ ವಾಹನಗಳಿಗೆ 10,900 ಕೋಟಿ ರೂಪಾಯಿಯ ಪಿಎಂ ಇ-ಡ್ರೈವ್ ಯೋಜನೆಯೂ ಬಂತು ಅನ್ನೋದನ್ನು ಮರೆಯಬಾರದು. ಹವಾಮಾನದ ಅರ್ಧ ಕೆಲಸ 'ಪರಿಸರ' ಅನ್ನುವ ಬೋರ್ಡ್ ಇಲ್ಲದ ಕಚೇರಿಗಳಲ್ಲೇ ನಡೆಯುತ್ತದೆ.

ಒಂದೇ ಸಂಪುಟದೊಳಗೂ ಈ ಎಳೆದಾಟ ಇದೆ. ಶರಾವತಿ ಕಣಿವೆಯ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ನೋಡಿ. ಹಗಲಿನ ಸೋಲಾರ್ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿ, ಸಂಜೆ ಕೆಳಗೆ ಬಿಟ್ಟು ಕರೆಂಟು ಮಾಡುವುದು. ಇಂಧನ ಇಲಾಖೆಗೆ ಅದು ಬ್ಯಾಟರಿ. ಅರಣ್ಯ ಇಲಾಖೆಗೆ ಅದು ಸಿಂಗಳೀಕಗಳ ಅಭಯಾರಣ್ಯ. ಹವಾಮಾನದ ಹೆಸರಲ್ಲಿ ಎರಡೂ ಕಡೆ ವಾದ ಮಾಡಬಹುದು.

ಇಂಧನ ಮಂತ್ರಿ ಗಟ್ಟಿಯಾಗಿದ್ದರೆ ಏನು ಆಗಬಹುದು, ಏನು ಆಗೋದಿಲ್ಲ ಅನ್ನೋದು ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಕಾಣುತ್ತದೆ. ಡಿ.ಕೆ. ಶಿವಕುಮಾರ್ 2014ರಿಂದ 2018ರವರೆಗೆ ಇಂಧನ ಮಂತ್ರಿಯಾಗಿದ್ದರು. ನಾಲ್ಕು ವರ್ಷಕ್ಕೂ ಹೆಚ್ಚು ಒಂದೇ ಕುರ್ಚಿ, ಇದೇ ದೊಡ್ಡ ಮಾತು. ಸರ್ಕಾರ ಜಮೀನು ಕೊಂಡುಕೊಳ್ಳಲಿಲ್ಲ. ನಾಗಲಮಡಿಕೆ ಹೋಬಳಿಯ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯನ್ನು ರೈತರಿಂದ ಬಾಡಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. 2018ರ ಮಾರ್ಚ್ 1ಕ್ಕೆ ಉದ್ಘಾಟನೆ, ಮುಂದಿನ ವರ್ಷದ ಕೊನೆಗೆ 2000 ಮೆಗಾವ್ಯಾಟ್ ಪೂರ್ತಿ. ನಾನು ಹೋದಾಗ ತಿರುಮಣಿ ಹತ್ತಿರ ಒಬ್ಬ ರೈತರು ಪಾಸ್‌ಬುಕ್ ತೆಗೆದು ತೋರಿಸಿದರು. 'ಕಡ್ಲೆಕಾಯಿ ಕೈ ಕೊಡ್ತಿತ್ತು, ಇದು ಕೈ ಕೊಡಲ್ಲ ಬಿಡಿ' ಅಂದರು. ಅವರ ಪಕ್ಕ ಕೂತಿದ್ದವರಿಗೆ ಜಮೀನಿರಲಿಲ್ಲ. ಅವರು ಏನೂ ಹೇಳಲಿಲ್ಲ, ಬೀಡಿ ಹಚ್ಚಿದರು. ಜಮೀನಿಲ್ಲದವರಿಗೆ ಬಾಡಿಗೆ ಬರೋದಿಲ್ಲ. ಕಳೆ ಕೀಳುವ ಕೂಲಿ ಹೋಯಿತು, ಕುರಿ ಮೇಯುವ ಜಾಗಕ್ಕೆ ಬೇಲಿ ಬಂತು. ಇಂಧನ ಖಾತೆಯ ಕಡತದಲ್ಲಿ ಅವರಿಗೆ ಕಾಲಮ್ಮೇ ಇಲ್ಲ. ಅವರು ಬೇರೆ ಮಂತ್ರಿಯ ಖಾತೆ.

ಕೊನೆಗೆ ನಿಮ್ಮ ಮನೆ ಚಾವಣಿಗೇ ಬರುತ್ತೇನೆ. ಕೇಂದ್ರದ ಸೂರ್ಯ ಘರ್ ಯೋಜನೆ 2024ರ ಫೆಬ್ರುವರಿಯಲ್ಲಿ ಬಂತು. ಒಂದು ಕೋಟಿ ಮನೆಗಳ ಗುರಿ, ಮೂರು ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ. ಅದು ಜೋಶಿಯವರ ಖಾತೆ. ಅದಕ್ಕೂ ಮುಂಚೆ, 2023ರಲ್ಲಿ, ರಾಜ್ಯದ ಗೃಹಜ್ಯೋತಿ ಬಂತು. ತಿಂಗಳಿಗೆ 200 ಯೂನಿಟ್‌ವರೆಗೆ ಬಳಸುವ ಮನೆಗೆ, ಹಿಂದಿನ ಸರಾಸರಿ ಬಳಕೆಯ ಮೇಲೆ ನೂರಕ್ಕೆ ಹತ್ತು ಸೇರಿಸಿ, ಬಿಲ್ ಸೊನ್ನೆ. ಅದು ರಾಜ್ಯದ ಇಂಧನ ಮಂತ್ರಿಯ ಖಾತೆ. ಈಗ 120 ಯೂನಿಟ್ ಬಳಸುವ ಮನೆಯವರು ಯೋಚನೆ ಮಾಡುತ್ತಾರೆ. ಬಿಲ್ಲೇ ಬರುತ್ತಿಲ್ಲ, ಕೈಯಿಂದ ದುಡ್ಡು ಹಾಕಿ ಪ್ಯಾನಲ್ ಯಾಕೆ? ಬಡವರ ಬಿಲ್ ಇಳಿಸೋದು ತಪ್ಪಲ್ಲ, ಚಾವಣಿ ಸೋಲಾರ್ ತಪ್ಪಲ್ಲ. ಎರಡು ಸಂಪುಟಗಳು ಒಂದೇ ಚಾವಣಿಗೆ ಎರಡು ಲೆಕ್ಕ ಬರೆದಿವೆ, ಅಷ್ಟೇ. ಅವೆರಡನ್ನೂ ಕೂಡಿಸಿ ನೋಡುವ ಕುರ್ಚಿ ಎಲ್ಲೂ ಇಲ್ಲ.

ನೀವು 200 ಯೂನಿಟ್‌ಗಿಂತ ಜಾಸ್ತಿ ಬಳಸುವವರಾದರೆ ಮಾತ್ರ ಹಾಕಿಸುವ ಲೆಕ್ಕ ಸರಳ. ಅರ್ಜಿ ದಿಲ್ಲಿಯ ಪೋರ್ಟಲ್‌ನಲ್ಲಿ, ಸಬ್ಸಿಡಿಯೂ ಅಲ್ಲಿಂದಲೇ. ಆದರೆ ನೆಟ್ ಮೀಟರ್ (ನೀವು ಜಾಲಕ್ಕೆ ಕೊಟ್ಟದ್ದು, ತಗೊಂಡದ್ದು ಎರಡನ್ನೂ ಎಣಿಸುವ ಮೀಟರ್) ಕೂರಿಸಬೇಕಾದವರು ನಿಮ್ಮ ಊರಿನ ಹೆಸ್ಕಾಂನವರು, ಅವರ ಮಂತ್ರಿ ಇರುವುದು ವಿಧಾನಸೌಧದಲ್ಲಿ. ಮೀಟರ್ ಯಾವಾಗ ಬರುತ್ತದೆ ಅಂತ ನಿಮ್ಮ ಸಂಸದರನ್ನು ಕೇಳಿ ಉಪಯೋಗ ಇಲ್ಲ. ಪ್ಯಾನಲ್ ಮಾತ್ರ ಅವರದ್ದು.